ಸಾಲ ತೀರಿದ ಮೇಲೂ ಉಳಿದ ನೋಟಿಸು

ಕಳೆದ ಮಳೆಗಾಲದಲ್ಲಿ ಶಿರಸಿಯ ನನ್ನ ಕಚೇರಿಗೆ ಒಬ್ಬ ಅಡಿಕೆ ಬೆಳೆಗಾರರು ಬಂದರು. ಒದ್ದೆ ಕೊಡೆಯನ್ನು ಬಾಗಿಲ ಹೊರಗಿಟ್ಟು, ಕುಳಿತವರೇ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. ಅವರ ಹೆಸರಿನ ಜೊತೆ ಊರಿನ ಹೆಸರು ಹಾಕಿ ಹುಡುಕಿದರೆ ಮೊದಲಿಗೆ ಬರುತ್ತಿದ್ದುದು ಒಂದು ಹರಾಜು ನೋಟಿಸು. ಕೊಳೆ ರೋಗಕ್ಕೆ ಫಸಲು ಉದುರಿಹೋದ ವರ್ಷ ಸೊಸೈಟಿಯ ಕಂತು ತಪ್ಪಿತ್ತು. ತೋಟದ ಸರ್ವೆ ನಂಬರಿನ ಸಮೇತ ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು. ಹರಾಜು ನಡೆಯಲೇ ಇಲ್ಲ. ಅಣ್ಣತಮ್ಮಂದಿರು ಸೇರಿ, ಮನೆಯ ಬಂಗಾರ ಅಡವಿಟ್ಟು, ಪೂರಾ ಸಾಲ ಕಟ್ಟಿದ್ದರು.

"ಸಾಲ ತೀರ್ಸಿ ಆರು ವರ್ಷ ಆತು ವಕೀಲ್ರೇ. ನನ್ನ ಹೆಸರು ಹೊಡೆದ್ರೆ ಈಗ್ಲೂ ಅದೇ ಬತ್ತು. ಮಾಣಿಗೆ ಕೂಸು ಕೇಳಲೆ ಹೋದ್ರೆ ಅವು ಮೊದ್ಲು ಮೊಬೈಲ್ ನೋಡ್ತ" ಎಂದರು.

ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ತೋಟ ಮಾಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟವಾಗಿರುವ ನಮ್ಮ ಕಡೆ, ಅಪ್ಪನ ಹಳೆಯ ಸಾಲದ ನೋಟಿಸು ಮಗನ ಸಂಬಂಧ ಮುರಿಯುವಷ್ಟು ದೊಡ್ಡ ಸಂಗತಿ.

ಇದೇ ಬಗೆಯ ಸಂಕಟ ಸ್ಪೇನ್ ದೇಶದ ಒಬ್ಬರನ್ನೂ ಕಾಡಿತ್ತು. ಬಾಕಿ ವಸೂಲಿಗಾಗಿ ಮಾರಿಯೊ ಕಾಸ್ತೆಹಾ ಗೊನ್ಸಾಲೆಸ್ ಅವರ ಆಸ್ತಿ ಹರಾಜಿಗೆ ಬಂದಾಗ, 1998ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಪ್ರಕಟಣೆ ಅಚ್ಚಾಗಿತ್ತು. ಬಾಕಿ ತೀರಿ ಎಷ್ಟೋ ವರ್ಷವಾದರೂ ಗೂಗಲ್‌ನಲ್ಲಿ ಅದೇ ಬರುತ್ತಿತ್ತು. 2014ರ ಮೇ 13ರಂದು ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪನ್ನು ಎಲ್ಲರೂ 'ಮರೆಯಲ್ಪಡುವ ಹಕ್ಕು' ಎಂದು ಕರೆಯುತ್ತಾರೆ. ಅದರಲ್ಲಿ ಹೇಳಿದ್ದು ಇಷ್ಟೇ: ಪತ್ರಿಕೆಯ ಪುಟ ಇದ್ದಲ್ಲೇ ಇರಲಿ, ಆದರೆ ಅವರ ಹೆಸರು ಹಾಕಿ ಹುಡುಕಿದಾಗ ಗೂಗಲ್ ಆ ಕೊಂಡಿಯನ್ನು ತೋರಿಸಬಾರದು. ನನ್ನ ಬಳಿ ಬರುವವರೆಲ್ಲ 'ಅಳಿಸಿ ಕೊಡಿ' ಎಂದೇ ಕೇಳುತ್ತಾರೆ. ನಿಜವಾಗಿ ಬೇಕಿರುವುದು ಬಹಳ ಸಲ ಅಳಿಸುವುದಲ್ಲ, ಹೆಸರಿಗೂ ಆ ಪುಟಕ್ಕೂ ಇರುವ ಗಂಟು ಬಿಚ್ಚುವುದು.

ನಮ್ಮಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಇನ್ನೊಂದು ಆದೇಶ ಮಾಡಿತ್ತು. ಮಗಳ ಹೆಸರು ಹಳೆಯ ಪ್ರಕರಣದ ಆದೇಶದಲ್ಲಿದ್ದು, ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆಂದು ತಂದೆಯೊಬ್ಬರು ಮೊರೆ ಹೋಗಿದ್ದರು. ಹುಡುಕಾಟದಲ್ಲಿ ಆ ಹೆಸರು ಕಾಣದಂತೆ ನೋಡಿಕೊಳ್ಳಬೇಕು, ದೃಢೀಕೃತ ನಕಲಿನಲ್ಲಿ ಮಾತ್ರ ಹೆಸರು ಹಾಗೇ ಇರಲಿ ಎಂದಿತು ನ್ಯಾಯಾಲಯ. ಅಲ್ಲಿಯೂ ಬಿಚ್ಚಿದ್ದು ಗಂಟನ್ನೇ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಮೇಲೆ ಎಲ್ಲವೂ ಸುಲಭವಾಯಿತೆಂದು ಕೆಲವರು ನಂಬಿದ್ದಾರೆ. ಅದರ 12ನೇ ಕಲಮಿನಲ್ಲಿ ಅಳಿಸಿ ಎಂದು ಕೇಳುವ ಹಕ್ಕು ಇದೆ, ಹೌದು. ಆದರೆ ಅದು ನಾವಾಗಿ ಒಪ್ಪಿ ಕೊಟ್ಟ ಮಾಹಿತಿಗೆ. ಕಾನೂನಿನ ಕಟ್ಟಳೆಯಂತೆ ಸಾರ್ವಜನಿಕವಾಗಿ ಪ್ರಕಟಿಸಲೇಬೇಕಾದ ಮಾಹಿತಿ ಆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಹರಾಜು ನೋಟಿಸು ಅಂಥದ್ದು. ಇದನ್ನು ಹೇಳಿದಾಗ ನನ್ನ ಕಕ್ಷಿದಾರರ ಮುಖ ಬಾಡಿತು.

ಉಳಿದ ದಾರಿ ಒಂದೇ, ಮೂಲಕ್ಕೆ ಹೋಗುವುದು. ಸೊಸೈಟಿಯಿಂದ ಬೇಬಾಕಿ ಪತ್ರ, ಅಂದರೆ ಬಾಕಿ ಏನೂ ಉಳಿದಿಲ್ಲ ಎಂಬ ಪತ್ರ, ತರಿಸಿದೆವು. ಅದನ್ನು ಲಗತ್ತಿಸಿ ಪತ್ರಿಕೆಯವರಿಗೆ ಸರಳವಾದ ಕಾಗದ ಬರೆದೆ. ಪುಟ ತೆಗೆಯಿರಿ ಎನ್ನಲಿಲ್ಲ. ಸಾಲ ಪೂರ್ತಿ ಸಂದಾಯವಾಗಿದೆ, ಹರಾಜು ನಡೆದಿಲ್ಲ ಎಂಬ ಒಂದು ಸಾಲನ್ನು ಪುಟದಲ್ಲಿ ಸೇರಿಸಿ, ಹುಡುಕು ಯಂತ್ರಗಳು ಆ ಪುಟವನ್ನು ತೋರಿಸದಂತೆ ನಿಮ್ಮ ತಾಂತ್ರಿಕ ವಿಭಾಗದಿಂದ 'ನೋ ಇಂಡೆಕ್ಸ್' ಸೂಚನೆ ಹಾಕಿಸಿ ಎಂದು ಕೇಳಿದೆ. ವಕೀಲರು ಮೊದಲ ಕಾಗದದಲ್ಲೇ ಕೋಟಿ ರೂಪಾಯಿ ಪರಿಹಾರದ ಬೆದರಿಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬೆದರಿಸಿದರೆ ಸಂಪಾದಕರು ಪಟ್ಟು ಹಿಡಿಯುತ್ತಾರೆ, ಆ ನೋಟಿಸೇ ಮತ್ತೊಂದು ಸುದ್ದಿಯಾಗುತ್ತದೆ. ಇಲ್ಲಿ ಮೂರು ವಾರದಲ್ಲಿ ಎರಡೂ ಕೆಲಸ ಆದವು. ಆಮೇಲೆ ಹಳತಾದ ಫಲಿತಾಂಶ ತೆಗೆಯಲು ಗೂಗಲ್ ಇಟ್ಟಿರುವ ಅರ್ಜಿಯಲ್ಲಿ ಪುಟದ ವಿಳಾಸ ಕೊಟ್ಟೆವು. ಈ ಅರ್ಜಿಗೆ ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. ಮೂಲದಲ್ಲಿ ಬದಲಾವಣೆ ಆಗಿರಬೇಕು, ಅಷ್ಟೇ. ನಮ್ಮ ಫೋನ್ ನಂಬರ್, ಮನೆ ವಿಳಾಸ ಯಾವುದೋ ಪುಟದಲ್ಲಿ ಬಿದ್ದಿದ್ದರೆ ಹುಡುಕಾಟದಿಂದ ಅದನ್ನು ತೆಗೆಸಲು ಬೇರೆಯೇ ಅರ್ಜಿ ಇದೆ.

ಎಲ್ಲರ ಕೆಲಸವನ್ನೂ ನಾನು ಹಿಡಿಯುವುದಿಲ್ಲ. ಸರಕಾರಿ ಕಾಮಗಾರಿಯ ಕಳಪೆಯ ಬಗ್ಗೆ ಬಂದ ಸುದ್ದಿಯನ್ನು ತೆಗೆಸಿ ಎಂದು ಒಬ್ಬ ಗುತ್ತಿಗೆದಾರರು ಕೇಳಿಕೊಂಡು ಬಂದರು. ರಸ್ತೆ ಇನ್ನೂ ಹೊಂಡ ಬಿದ್ದೇ ಇತ್ತು. ಸಾರ್ವಜನಿಕರ ದುಡ್ಡಿನ ಲೆಕ್ಕ ಒಬ್ಬರ ಖಾಸಗಿ ಸಂಗತಿ ಆಗದು. ಅವರನ್ನು ವಾಪಸು ಕಳಿಸಿದೆ.

ಹೋಂಸ್ಟೇ ನಡೆಸುವವರೂ ಬರುತ್ತಾರೆ, ಗೋಕರ್ಣ, ಯಾಣದ ಕಡೆಯವರು. ಕೆಟ್ಟ ವಿಮರ್ಶೆ ಬರೆದಿದ್ದಾರೆ, ಮಾನಹಾನಿ ಕೇಸು ಹಾಕಿ ಎನ್ನುತ್ತಾರೆ. ಊಟ ತಣ್ಣಗಿತ್ತು ಎನ್ನುವುದು ಅಭಿಪ್ರಾಯ, ಅದಕ್ಕೆ ಕೇಸು ನಿಲ್ಲದು. ದುಡ್ಡು ಕದ್ದರು ಎಂದು ಸುಳ್ಳು ಬರೆದರೆ ಅದು ಬೇರೆ ಮಾತು. ಪರಿಹಾರದ ಸಿವಿಲ್ ದಾವೆಗೆ ಕಾಲಮಿತಿ ಒಂದೇ ವರ್ಷ, ಬರಹ ಪ್ರಕಟವಾದ ದಿನದಿಂದ. ಇವತ್ತಿಗೂ ಕಾಣುತ್ತಿದೆಯಲ್ಲ ಎಂದು ಎರಡು ವರ್ಷದ ಮೇಲೆ ಬಂದರೆ ಕೈಲಾಗುವುದು ಕಡಿಮೆ. ಇವರಿಗೆ ನಾನು ಇನ್ನೊಂದು ಮಾತೂ ಕೇಳುತ್ತೇನೆ: ಬಂದವರ ಆಧಾರ್ ಪ್ರತಿಗಳನ್ನು ಎಲ್ಲಿ ಇಡುತ್ತೀರಿ? ಕೆಲಸದ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಎಂಬ ಉತ್ತರ ಒಂದೆರಡು ಸಲವಲ್ಲ, ಹಲವು ಸಲ ಬಂದಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಖಾಸಗಿ ಚಿತ್ರ ಹರಿದಾಡುತ್ತಿರುವ ಪ್ರಕರಣದಲ್ಲಿ ಮಾತ್ರ ಪತ್ರ ಬರೆದು ಕಾಯುವ ಮಾತೇ ಇಲ್ಲ. ಇಂಥ ಚಿತ್ರಗಳ ದೂರು ಬಂದರೆ ಜಾಲತಾಣ 24 ಗಂಟೆಯೊಳಗೆ ತೆಗೆಯಬೇಕೆಂದು 2021ರಲ್ಲಿ ನಿಯಮ ಬಂದಾಗಲೇ ಗಡುವು ಹಾಕಲಾಗಿತ್ತು. 1930ಕ್ಕೆ ಕರೆ ಮಾಡಿ, ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ. ಘಟ್ಟ ಇಳಿದು ಕಾರವಾರದ ಸೈಬರ್ ಠಾಣೆಗೇ ಹೋಗಬೇಕೆಂದು ದಿನ ಕಳೆಯಬೇಡಿ, ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. ಐಟಿ ಕಾಯ್ದೆಯ ಪ್ರಕರಣದ ತನಿಖೆ ಮಾಡಬೇಕಾದವರು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರು ಎಂಬುದು ನೆನಪಿರಲಿ. ಅವಮಾನದಲ್ಲಿ ಎಲ್ಲವನ್ನೂ ಡಿಲೀಟ್ ಮಾಡಿ ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಪುಟದ ಪೂರ್ತಿ ವಿಳಾಸ, ದಿನಾಂಕ, ಸಮಯ ಕಾಣುವಂತೆ. ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಡಿಜಿಟಲ್ ಸಾಕ್ಷ್ಯದ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡುವಾಗ ಅದು ಬೇಕಾಗುತ್ತದೆ. ಮಗಳು ಇಂಥ ಸಂಗತಿ ಮನೆಯಲ್ಲಿ ಹೇಳಿದಾಗ ಅವಳ ಫೋನು ಕಿತ್ತುಕೊಂಡು ಬೈಯುವ ತಂದೆತಾಯಿಗಳು ತನಿಖೆಯನ್ನೂ ಕೆಡಿಸುತ್ತಾರೆ, ಅವಳನ್ನೂ ಒಂಟಿ ಮಾಡುತ್ತಾರೆ.

ಇನ್ನು ಆ ಬೆಳೆಗಾರರ ಮಾತು. ಗೂಗಲ್‌ನಿಂದ ನೋಟಿಸು ಮರೆಯಾಯಿತು. ಎರಡು ತಿಂಗಳಾದ ಮೇಲೆ ಅವರು ಮತ್ತೆ ಬಂದರು. ಸಿದ್ದಾಪುರದ ಕಡೆಯ ಸಂಬಂಧವೊಂದು ಮುಂದುವರಿದು ಹಿಂದೆ ಸರಿದಿತ್ತು. ಹೆಣ್ಣಿನವರು ಈ ಸಲ ಹೆಸರು ಹುಡುಕಿರಲಿಲ್ಲ, ಭೂಮಿ ತಂತ್ರಾಂಶದಲ್ಲಿ ತೋಟದ ಪಹಣಿ ತೆಗೆದು ನೋಡಿದ್ದರು. ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ನೋಡಬಹುದು. 9ನೇ ಕಲಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಋಣ. ಸಾಲ ತೀರಿತ್ತು, ಬೋಜಾ, ಅಂದರೆ ಪಹಣಿಯಲ್ಲಿನ ಸಾಲದ ನಮೂದು, ಇಳಿದಿರಲಿಲ್ಲ. ಆರು ವರ್ಷ ಸರಕಾರಿ ದಾಖಲೆಯೇ ಅವರನ್ನು ಸಾಲಗಾರರೆಂದು ಹೇಳುತ್ತಿತ್ತು, ನಾನೂ ಮೊದಲ ದಿನವೇ ಅದನ್ನು ನೋಡಬೇಕಿತ್ತು. ಬೇಬಾಕಿ ಪತ್ರ ಹಿಡಿದು ಇಬ್ಬರೂ ತಹಸೀಲ್ದಾರರ ಕಚೇರಿಗೆ ಹೋದೆವು. ಮುಂದಿನ ತಿಂಗಳು ಅವರು ಹೊಸ ಪಹಣಿ ತಂದು ಮೇಜಿನ ಮೇಲಿಟ್ಟು, 11ನೇ ಕಲಮಿನ ಖಾಲಿ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು.