ಗಂಧಕದ ಉಂಗುರದ ತೂತಿನಲ್ಲಿ ಲೋಹ ಕೂರುತ್ತದೆಯೇ?

ಪ್ರಶ್ನೆ: ಗಂಧಕದ ಸೇತುವೆಗಳಿರುವ ಉಂಗುರದಂಥ ಅಣುಗಳು ನೀರಿನಲ್ಲಿ ಕರಗಿದ ಲೋಹದ ಅಯಾನುಗಳನ್ನು ಆರಿಸಿ ಹಿಡಿಯುತ್ತವೆ ಎಂದು ಓದಿದೆ. ಉಂಗುರದ ತೂತಿನ ಅಳತೆಗೆ ಸರಿಹೊಂದುವ ಅಯಾನು ಒಳಗೆ ಕೂರುತ್ತದೆ, ಉಳಿದವು ಹೊರಗೇ ಉಳಿಯುತ್ತವೆ ಎಂದು ತಿಳಿದುಕೊಂಡಿದ್ದೇನೆ. ಸರಿಯೇ?

ಉತ್ತರ: ಸರಿಯಲ್ಲ. ಇದನ್ನು ತರಗತಿಯಲ್ಲಿ ವರ್ಷವರ್ಷವೂ ಹೇಳಿದ್ದೇನೆ, ಪತ್ರಗಳಿಗೆ ಉತ್ತರವಾಗಿ ಬರೆದಿದ್ದೇನೆ. ಆದರೂ ಬಳೆಯೊಳಗೆ ಗೋಲಿ ಕೂತಿರುವ ಆ ಚಿತ್ರ ಯಾರ ತಲೆಯಿಂದಲೂ ಇಳಿಯುವುದಿಲ್ಲ. ಪುಸ್ತಕದಲ್ಲಿ ಮೊದಲು ಕಾಣುವುದು ಅದೇ ಚಿತ್ರ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ. ಹಾಗಾಗಿ ಈ ಸಲ ಉದ್ದವಾಗಿಯೇ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಮೊದಲು ಅಣುವಿನ ಪರಿಚಯ. ನೀವು ಓದಿರುವುದು ಬಹುಶಃ ಥಯಾಕ್ಯಾಲಿಕ್ಸರೀನ್ ಬಗ್ಗೆ. ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಸೊಟಾರೊ ಮಿಯಾನೊ ಅವರ ಗುಂಪು 1997ರಲ್ಲಿ ಇದನ್ನು ಒಂದೇ ಪಾತ್ರೆಯಲ್ಲಿ ತಯಾರಿಸುವ ದಾರಿ ತೋರಿಸಿತು. ಪ್ಯಾರಾ-ಟರ್ಷಿಯರಿ-ಬ್ಯೂಟೈಲ್ ಫೀನಾಲ್ (ಫೀನಾಲ್ ಅಂದರೆ ಬೆಂಜೀನ್ ಉಂಗುರಕ್ಕೆ ಆಮ್ಲಜನಕ-ಹೈಡ್ರೋಜನ್ ಜೋಡಿ ಅಂಟಿದ ಅಣು), ಅಂಗಡಿಯಲ್ಲಿ ಸಿಗುವಂಥ ಹಳದಿ ಗಂಧಕ, ಒಂದಿಷ್ಟು ಕಾಸ್ಟಿಕ್ ಸೋಡಾ. ಇವನ್ನು ಸುಲಭವಾಗಿ ಆವಿಯಾಗದ ಒಂದು ದ್ರಾವಕದಲ್ಲಿ ಹಾಕಿ ಹಂತಹಂತವಾಗಿ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಟುಹೋಗುತ್ತದೆ. ಪಾತ್ರೆಯಲ್ಲಿ ನಾಲ್ಕು ಫೀನಾಲ್ ಘಟಕಗಳು ನಾಲ್ಕು ಗಂಧಕದ ಪರಮಾಣುಗಳ ಮೂಲಕ ಕೈ ಕೈ ಹಿಡಿದು ಉಂಗುರವಾಗಿ ಉಳಿಯುತ್ತವೆ. ಇಳುವರಿ ಶೇಕಡಾ 54. ಉಂಗುರದ ಅಣುಗಳನ್ನು ಮಾಡಿ ನೋಡಿದವರಿಗೆ ಈ ಅಂಕಿಯ ಬೆಲೆ ಗೊತ್ತು. ಸಾಮಾನ್ಯವಾಗಿ ಇಂಥ ಕಡೆ ತುದಿಗೆ ತುದಿ ಸೇರುವುದೇ ಇಲ್ಲ. ಸರಪಳಿ ಉದ್ದವಾಗುತ್ತ ಹೋಗಿ ಪಾತ್ರೆಯ ತಳದಲ್ಲಿ ಅಂಟು ಉಳಿಯುತ್ತದೆ.

ಇದಕ್ಕೊಬ್ಬ ಅಕ್ಕ ಇದ್ದಾಳೆ. ಗಂಧಕದ ಬದಲು ಇಂಗಾಲದ ಸೇತುವೆಗಳಿರುವ ಕ್ಯಾಲಿಕ್ಸರೀನ್. ಆ ಹೆಸರನ್ನು ಇಟ್ಟವರು ಅಮೆರಿಕದ ರಸಾಯನ ವಿಜ್ಞಾನಿ ಡೇವಿಡ್ ಗುಟ್ಶೆ. ಅಣುವನ್ನು ಪಕ್ಕದಿಂದ ನೋಡಿದಾಗ ಪ್ರಾಚೀನ ಗ್ರೀಕರ ಅಗಲ ಬಾಯಿಯ ಪಾತ್ರೆಯಂತೆ ಕಂಡಿತು, ಆ ಪಾತ್ರೆಯ ಹೆಸರನ್ನೇ ಕೊಟ್ಟರು. ಚೆಲುವಾದ ಹೆಸರು. ಆದರೆ ತಪ್ಪು ತಿಳಿವಳಿಕೆಗೆ ಅದೂ ನೀರೆರೆದಿದೆ. ಬಟ್ಟಲು ಎಂದ ಮೇಲೆ ಅದರೊಳಗೆ ಏನನ್ನಾದರೂ ಇಟ್ಟಿರಲೇಬೇಕು ಎಂದು ಮನಸ್ಸು ಹೇಳುತ್ತದೆ. ನಿಜ, ಈ ಬಟ್ಟಲಿನಲ್ಲೂ ವಸ್ತು ಕೂರುತ್ತದೆ. ಟಾಲೂಯಿನ್‌ನಂಥ ದ್ರಾವಕದ ಅಣು ಅಲ್ಲಿ ಹಾಯಾಗಿ ಕೂರುತ್ತದೆ. ಲೋಹ ಅಂಟಿಕೊಳ್ಳುವುದು ಮಾತ್ರ ಬಟ್ಟಲಿನ ಹೊಟ್ಟೆಯಲ್ಲಿ ಅಲ್ಲ, ಅದರ ತಳದ ಅಂಚಿನಲ್ಲಿ. ಅಲ್ಲಿ ಫೀನಾಲ್‌ಗಳ ಆಮ್ಲಜನಕಗಳು ಸಾಲಾಗಿ ನಿಂತಿವೆ, ಅವುಗಳ ನಡುನಡುವೆ ಗಂಧಕಗಳಿವೆ. ಒಂದು ಆಮ್ಲಜನಕ, ಪಕ್ಕದ ಗಂಧಕ, ಅದರಾಚೆಯ ಆಮ್ಲಜನಕ, ಈ ಮೂರೂ ಸೇರಿ ಲೋಹವನ್ನು ಹಿಡಿಯುತ್ತವೆ.

ಇಷ್ಟು ಹೇಳಿದ ಕೂಡಲೇ ಒಂದು ಮರುಪ್ರಶ್ನೆ ಬರುತ್ತದೆ. ಕೇಳುವವರು ಬುದ್ಧಿವಂತರೇ. "ಇಂಗಾಲಕ್ಕಿಂತ ಗಂಧಕದ ಪರಮಾಣು ದೊಡ್ಡದು. ಇಂಗಾಲದ ಸೇತುವೆಯ ಬಂಧ ಸುಮಾರು 1.5 ಆಂಗ್‌ಸ್ಟ್ರಾಮ್ ಉದ್ದ, ಗಂಧಕದ್ದು ಸುಮಾರು 1.8. ಹಾಗಾಗಿ ಉಂಗುರ ಹಿಗ್ಗಿದೆ, ತೂತು ದೊಡ್ಡದಾಗಿದೆ, ಅದಕ್ಕೇ ಅಕ್ಕ ಹಿಡಿಯದ ಲೋಹವನ್ನು ತಂಗಿ ಹಿಡಿಯುತ್ತಾಳೆ" ಎನ್ನುತ್ತಾರೆ. ಉಂಗುರ ಹಿಗ್ಗಿದೆ ಎಂಬುದು ನಿಜ. ಅಕ್ಕ ತಾಮ್ರ, ಕೋಬಾಲ್ಟ್, ಸತುವಿನ ಅಯಾನುಗಳನ್ನು ಹೆಚ್ಚು ಕಡಿಮೆ ಮೂಸಿಯೂ ನೋಡುವುದಿಲ್ಲ, ತಂಗಿ ಅವನ್ನು ನೀರಿನಿಂದ ಸೆಳೆದುಕೊಳ್ಳುತ್ತಾಳೆ ಎಂಬುದೂ ನಿಜ. ಆದರೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ.

ಇದನ್ನು ಸೆಂಡಾಯ್‌ನ ಅದೇ ಗುಂಪು, ಮಿಯಾನೊ ಮತ್ತು ನೊಬುಹಿಕೊ ಇಕಿ ಮೊದಲಾದವರು, ಬಹಳ ಸೊಗಸಾಗಿ ತೋರಿಸಿದರು. ನಾನು ಪಾಠದಲ್ಲಿ ಅತ್ಯಂತ ಪ್ರೀತಿಯಿಂದ ಹೇಳುತ್ತಿದ್ದ ಪ್ರಯೋಗ ಇದು. ಉಂಗುರವನ್ನು ಹಾಗೆಯೇ ಇಟ್ಟುಕೊಂಡು ಗಂಧಕದ ಸೇತುವೆಗಳನ್ನು ಮಾತ್ರ ಉತ್ಕರ್ಷಿಸಿದರು. ಅಂದರೆ ಪ್ರತಿ ಗಂಧಕದ ತಲೆಯ ಮೇಲೆ ಎರಡೆರಡು ಆಮ್ಲಜನಕಗಳನ್ನು ಕೂರಿಸಿದರು. ಇಂಥ ಸೇತುವೆಗೆ ಸಲ್ಫೋನ್ ಎಂದು ಹೆಸರು. ಸೇತುವೆಗಳ ಸಂಖ್ಯೆ ನಾಲ್ಕೇ, ಇಂಗಾಲಕ್ಕೂ ಗಂಧಕಕ್ಕೂ ನಡುವಿನ ಬಂಧದ ಉದ್ದದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತೂತಿನ ಅಳತೆಯೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಹಳೆಯ ಉಂಗುರಕ್ಕೆ ಒಗ್ಗಿದ ಲೋಹಗಳೇ ಹೊಸದಕ್ಕೂ ಒಗ್ಗಬೇಕಿತ್ತು. ಆದದ್ದು ಬೇರೆ. ಹಳೆಯ ಉಂಗುರ ತಾಮ್ರದಂಥವನ್ನು ಹಿಡಿಯುತ್ತಿತ್ತು. ಹೊಸ ಉಂಗುರ ಮೆಗ್ನೀಸಿಯಂನಂಥವುಗಳ ಕಡೆಗೆ ತಿರುಗಿತು. ಪ್ರತಿ ಗಂಧಕದ ಮೇಲೆ ಒಂದೇ ಆಮ್ಲಜನಕ ಇಟ್ಟ ನಡುವಿನ ರೂಪವೋ ಎರಡೂ ಬಗೆಯ ಲೋಹಗಳನ್ನು ಹಿಡಿಯಿತು. ಉಂಗುರ ಒಂದೇ, ಆಯ್ಕೆ ಮೂರು ಬಗೆ. ಬದಲಾದದ್ದು ಲೋಹಕ್ಕೆ ಕೈ ಚಾಚುವ ಪರಮಾಣು. ಮೊದಲ ರೂಪದಲ್ಲಿ ಗಂಧಕವೇ ಕೈ ಚಾಚುತ್ತಿತ್ತು. ಸಲ್ಫೋನ್ ಆದ ಮೇಲೆ ಗಂಧಕಕ್ಕೆ ಕೊಡಲು ಎಲೆಕ್ಟ್ರಾನ್ ಜೋಡಿ ಉಳಿದಿಲ್ಲ, ಅದರ ತಲೆಯ ಮೇಲಿನ ಆಮ್ಲಜನಕ ಕೈ ಚಾಚುತ್ತದೆ. ನಡುವಿನ ರೂಪದಲ್ಲಿ ಲೋಹವನ್ನು ನೋಡಿಕೊಂಡು ಇದು ಅಥವಾ ಅದು.

ಗಂಧಕಕ್ಕೆ ಯಾವ ಲೋಹ ಇಷ್ಟ, ಆಮ್ಲಜನಕಕ್ಕೆ ಯಾವುದು ಇಷ್ಟ ಎಂಬುದನ್ನು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ, ನಮ್ಮ ನೆಲವನ್ನು ನೋಡಿದರೆ ಸಾಕು. ಬಳ್ಳಾರಿಯ ಕಬ್ಬಿಣದ ಅದಿರು ಆಮ್ಲಜನಕದೊಂದಿಗೆ ಕೂಡಿದ ಹೆಮಟೈಟ್. ಚಿತ್ರದುರ್ಗದ ಬಳಿಯ ಇಂಗಳದಾಳ್‌ನಲ್ಲಿ ತೆಗೆಯುತ್ತಿದ್ದ ತಾಮ್ರದ ಅದಿರು ಗಂಧಕದೊಂದಿಗೆ ಕೂಡಿದ್ದು. ಪಾದರಸದ ಅದಿರಾದ ಇಂಗಲೀಕವೂ ಗಂಧಕದ್ದೇ. ಪೂಜೆಯ ಬೆಳ್ಳಿ ದೀಪ ಪೆಟ್ಟಿಗೆಯಲ್ಲಿಟ್ಟಲ್ಲೇ ಕಪ್ಪಾಗುವುದು ಗಾಳಿಯಲ್ಲಿರುವ ಲೇಶಮಾತ್ರ ಗಂಧಕದ ಅನಿಲದಿಂದ. ಅಮೆರಿಕದ ರಾಲ್ಫ್ ಪಿಯರ್‌ಸನ್ 1963ರಲ್ಲಿ ಈ ಒಲವುಗಳಿಗೊಂದು ಸರಳ ಭಾಷೆ ಕೊಟ್ಟರು. ಗಂಧಕದ ಎಲೆಕ್ಟ್ರಾನ್ ಮೋಡ ದೊಡ್ಡದು, ಸಡಿಲ, ಎಳೆದತ್ತ ಬಾಗುತ್ತದೆ, ಅದು ಮೆದು. ಬೆಳ್ಳಿ, ಪಾದರಸ, ಚಿನ್ನ, ಪೆಲಾಡಿಯಂ ಅಯಾನುಗಳೂ ಮೆದು. ಆಮ್ಲಜನಕದ ಮೋಡ ಚಿಕ್ಕದು, ಬಿಗಿ; ಅದು ಗಡಸು. ಮೆಗ್ನೀಸಿಯಂ, ಅಲ್ಯೂಮಿನಿಯಂ, ಮೂರು ವಿದ್ಯುದಂಶದ ಕಬ್ಬಿಣ ಗಡಸು. ಮೆದುವಿಗೆ ಮೆದು, ಗಡಸಿಗೆ ಗಡಸು. ತಾಮ್ರ, ಸತು, ಕೋಬಾಲ್ಟ್ ನಡುವಿನವು, ಅದಕ್ಕೇ ಆಮ್ಲಜನಕ ಮತ್ತು ಗಂಧಕ ಎರಡನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡ ಥಯಾಕ್ಯಾಲಿಕ್ಸರೀನ್ ಅವಕ್ಕೆ ಅಷ್ಟು ಚೆನ್ನಾಗಿ ಒಗ್ಗುತ್ತದೆ.

ಹಾಗಾದರೆ ಬಳೆ-ಗೋಲಿಯ ಚಿತ್ರ ಬಂದದ್ದೆಲ್ಲಿಂದ? ಕ್ರೌನ್ ಈಥರ್‌ಗಳಿಂದ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿದ್ದ ಚಾರ್ಲ್ಸ್ ಪೆಡರ್‌ಸನ್ 1967ರಲ್ಲಿ ಪ್ರಕಟಿಸಿದ, ಆಮ್ಲಜನಕಗಳನ್ನು ಪೋಣಿಸಿದ ಉಂಗುರಗಳವು. ಅವರಿಗೆ ಪಿಎಚ್.ಡಿ. ಪದವಿ ಇರಲಿಲ್ಲ, 1987ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಆರು ಆಮ್ಲಜನಕಗಳ 18-ಕ್ರೌನ್-6 ಉಂಗುರದ ನಡುವೆ ಪೊಟ್ಯಾಸಿಯಂ ಅಯಾನು ನಿಜಕ್ಕೂ ಕೂರುತ್ತದೆ, ಅಳತೆಯೂ ಕೂಡಿಬರುತ್ತದೆ. ಆ ಒಂದು ಚಿತ್ರವನ್ನು ಹಿಡಿದುಕೊಂಡು ಲೋಕದ ಎಲ್ಲ ಉಂಗುರಗಳಿಗೂ ನಿಯಮ ಬರೆದುಬಿಟ್ಟರು. ಆದರೆ ಕ್ರೌನ್ ಈಥರ್‌ಗಳ ಮನೆಯಲ್ಲೇ ಆ ನಿಯಮ ನಿಲ್ಲುವುದಿಲ್ಲ. ಚಿಕ್ಕ ಸೋಡಿಯಂಗೆ ಒಗ್ಗಬೇಕಾದದ್ದು ಐದು ಆಮ್ಲಜನಕಗಳ 15-ಕ್ರೌನ್-5 ಎಂದು ಪುಸ್ತಕಗಳು ಹೇಳುತ್ತವೆ. 1980ರ ದಶಕದಲ್ಲಿ ಜಾರ್ಜ್ ಗೋಕೆಲ್ ಅವರ ಗುಂಪು ಮೆಥನಾಲ್‌ನಲ್ಲಿ ಅಳೆದು ನೋಡಿದಾಗ ಸೋಡಿಯಂ ಅನ್ನು ಕೂಡ ಹತ್ತು ಪಟ್ಟಿಗಿಂತ ಹೆಚ್ಚು ಬಲವಾಗಿ ಹಿಡಿದದ್ದು "ತೂತು ದೊಡ್ಡದಾದ" 18-ಕ್ರೌನ್-6. ಅಯಾನು ತನ್ನ ಸುತ್ತ ಹೊದ್ದುಕೊಂಡ ದ್ರಾವಕವನ್ನು ಕಳಚಿ ಬರಬೇಕು, ಆ ನಷ್ಟವನ್ನು ತುಂಬಿಕೊಡಲು ಐದು ಕೈಗಿಂತ ಆರು ಕೈ ಮೇಲು. ಉಂಗುರವೂ ಗಾಜಿನ ಬಳೆಯಲ್ಲ, ದಾರದಂತೆ ಮಡಚಿಕೊಳ್ಳುತ್ತದೆ.

ಕ್ರೌನ್ ಈಥರ್‌ನ ಆಮ್ಲಜನಕಗಳ ಜಾಗದಲ್ಲಿ ಗಂಧಕ ಇಟ್ಟರೆ ಆ ಚಿತ್ರ ಇನ್ನಷ್ಟು ಕೆಡುತ್ತದೆ. ನಾಲ್ಕು ಗಂಧಕಗಳಿರುವ ಹದಿನಾಲ್ಕು ಪರಮಾಣುಗಳ ಉಂಗುರ ಒಂಟಿಯಾಗಿದ್ದಾಗ ಗಂಧಕಗಳ ಎಲೆಕ್ಟ್ರಾನ್ ಜೋಡಿಗಳು ಒಳಮುಖವಾಗಿ ಇರುವುದೇ ಇಲ್ಲ, ಹೊರಗೆ ಮುಖ ಮಾಡಿರುತ್ತವೆ. ಪಾದರಸದ ಕ್ಲೋರೈಡ್ ಕೊಟ್ಟರೆ ಪಾದರಸ ಉಂಗುರದ ಹೊರಗೇ ಅಂಟಿಕೊಳ್ಳುತ್ತದೆ. ಮೂರು ಗಂಧಕಗಳಿರುವ ಒಂಬತ್ತು ಪರಮಾಣುಗಳ ಉಂಗುರದ ವಿಷಯ ಇನ್ನೂ ಸ್ವಾರಸ್ಯ. ಅದರ ತೂತಿನಲ್ಲಿ ಯಾವ ಲೋಹವೂ ಹಿಡಿಸುವುದಿಲ್ಲ. ಆದರೂ ಲೋಹವನ್ನು ಅದರಷ್ಟು ಗಟ್ಟಿಯಾಗಿ ಹಿಡಿಯುವ ಗಂಧಕದ ಉಂಗುರಗಳು ಕಡಿಮೆ. ಮೂರು ಗಂಧಕಗಳೂ ಒಂದೇ ಕಡೆಗೆ ಮುಖ ಮಾಡಿ ಲೋಹದ ಮೇಲೆ ಮುಚ್ಚಳದಂತೆ ಕೂರುತ್ತವೆ; ಕೆಳಗಿನಿಂದ ಇನ್ನೊಂದು ಉಂಗುರ. ಹೀಗೆ ಎರಡು ಮುಚ್ಚಳಗಳ ನಡುವೆ ಆರು ಗಂಧಕಗಳ ಹಿಡಿತದಲ್ಲಿ ನಿಕಲ್, ಕೋಬಾಲ್ಟ್, ತಾಮ್ರ ಭದ್ರವಾಗಿರುತ್ತವೆ. ಎರಡು ವಿದ್ಯುದಂಶದ ಚಿನ್ನ, ಮೂರು ವಿದ್ಯುದಂಶದ ಪೆಲಾಡಿಯಂ ಎಂಬ ಅಪರೂಪದ ಅವಸ್ಥೆಗಳು ಕೂಡ ಅಲ್ಲಿ ನಿಲ್ಲುತ್ತವೆ.

ತೂತಿಗೆ ಬೆಲೆ ಇಲ್ಲವೆಂದಾದರೆ ಉಂಗುರವಾದರೂ ಏಕೆ ಬೇಕು? ಭಾರದ ಕಲ್ಲೊಂದನ್ನು ಎತ್ತಲು ನಾಲ್ವರು ಬೇಕು ಎನ್ನಿ. ನಾಲ್ವರೂ ಒಂದೇ ಜಗಲಿಯಲ್ಲಿ ಕೂತಿದ್ದರೆ ಕರೆದ ಕ್ಷಣ ಕೆಲಸ ಆಗುತ್ತದೆ; ನಾಲ್ಕು ಊರುಗಳಲ್ಲಿದ್ದರೆ ಸೇರಿಸುವುದೇ ಒಂದು ದಿನದ ಕೆಲಸ. ಬಿಡಿ ಫೀನಾಲ್‌ಗಳೂ ಬಿಡಿ ಗಂಧಕಗಳೂ ನಾಲ್ಕು ಊರಿನವರು. ಉಂಗುರ ಅವರನ್ನು ಒಂದೇ ಜಗಲಿಯಲ್ಲಿ, ಸರಿಯಾದ ದಿಕ್ಕಿಗೆ ಮುಖಮಾಡಿಸಿ ಕೂರಿಸಿದೆ. ಪೆಡರ್‌ಸನ್ ಜೊತೆ ನೊಬೆಲ್ ಹಂಚಿಕೊಂಡ ಡೊನಾಲ್ಡ್ ಕ್ರ್ಯಾಮ್ ಒತ್ತಿ ಹೇಳಿದ್ದು ಈ ಪೂರ್ವಸಿದ್ಧತೆಯನ್ನೇ.

ಇನ್ನು ನೀವು ಕೇಳದ, ಆದರೆ ಕೇಳಬೇಕಿದ್ದ ಒಂದು ಪ್ರಶ್ನೆ ಇದೆ. ಹಿಡಿದದ್ದನ್ನು ಬಿಡಿಸುವುದು ಹೇಗೆ? ಬಿಡಿಸಲು ಬಾರದಿದ್ದರೆ ಪ್ರತಿ ಗ್ರಾಂ ಲೋಹಕ್ಕೂ ಹೊಸ ಉಂಗುರ ಮಾಡುತ್ತ ಕೂರಬೇಕು. ಥಯಾಕ್ಯಾಲಿಕ್ಸರೀನ್‌ನಲ್ಲಿ ದಾರಿ ಸುಲಭ. ಲೋಹವನ್ನು ಹಿಡಿಯುವಾಗ ಅದರ ಫೀನಾಲ್‌ಗಳು ತಮ್ಮ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟಿರುತ್ತವೆ. ಉಂಗುರ ಕ್ಲೋರೋಫಾರ್ಮ್‌ನಲ್ಲಿ, ಲೋಹ ನೀರಿನಲ್ಲಿ; ಇವೆರಡು ದ್ರವಗಳು ಬೆರೆಯದೆ ಬೇರೆ ಬೇರೆ ಪದರವಾಗಿ ನಿಲ್ಲುತ್ತವೆ. ಎರಡನ್ನೂ ಕೂಡಿಸಿ ಕುಲುಕಿದಾಗ ಲೋಹ ಕ್ಲೋರೋಫಾರ್ಮ್‌ಗೆ ಬರುತ್ತದೆ. ಆಮೇಲೆ ಆ ಪದರವನ್ನು ಬೇರ್ಪಡಿಸಿ ಆಮ್ಲದೊಂದಿಗೆ ಕುಲುಕಿದರೆ ಹೈಡ್ರೋಜನ್ ಅಯಾನುಗಳು ತಮ್ಮ ಹಳೆಯ ಜಾಗಕ್ಕೆ ಮರಳುತ್ತವೆ, ಲೋಹ ನೀರಿಗಿಳಿಯುತ್ತದೆ, ಉಂಗುರ ಮುಂದಿನ ಸುತ್ತಿಗೆ ಸಿದ್ಧ.

ಗಂಧಕದ ಕ್ರೌನ್‌ಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕೈ ಚಾಚಿರುವುದು ಬರೀ ಗಂಧಕ, ಅದಕ್ಕೆ ಹೈಡ್ರೋಜನ್ ಅಯಾನಿನ ಮೇಲೆ ಮೋಹವೇ ಇಲ್ಲ. ಆಮ್ಲ ಸುರಿದರೂ ಬೆಳ್ಳಿ, ಪೆಲಾಡಿಯಂ ಕದಲುವುದಿಲ್ಲ. ಅವನ್ನು ಬಿಡಿಸಲು ಥಯೋಯೂರಿಯಾದ ದ್ರಾವಣ ಹಾಕುತ್ತಾರೆ. ಅದರಲ್ಲಿರುವುದೂ ಗಂಧಕವೇ, ಇನ್ನಷ್ಟು ಧಾರಾಳವಾಗಿ ಎಲೆಕ್ಟ್ರಾನ್ ಕೊಡುವ ಗಂಧಕ.