ರ‍್ಯಾಮ್ ಬಗ್ಗೆ ಕಂಪ್ಯೂಟರ್ ಹೇಳುವುದೆಲ್ಲ ನಿಜವೇ?

ಮುಂಬಯಿ ಬಳಿಯ ಡೊಂಬಿವಲಿಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ‘8 ಜಿಬಿ ರ‍್ಯಾಮ್ ಕೊಡಿ’ ಎಂದರೆ ಸಾಲದು. ರ‍್ಯಾಮ್ ಎಂದರೆ ಕೆಲಸ ಮಾಡುವಾಗ ಕಂಪ್ಯೂಟರ್ ಬಳಸುವ ತಾತ್ಕಾಲಿಕ ನೆನಪು; ಚಿಪ್‌ಗಳನ್ನು ಕೂರಿಸಿದ ಸಣ್ಣ ಪಟ್ಟಿಯಾಗಿ ಸಿಗುತ್ತದೆ. ಡಿಡಿಆರ್3 ಪೀಳಿಗೆಯದು ಬೇಕೋ ಡಿಡಿಆರ್4 ಪೀಳಿಗೆಯದು ಬೇಕೋ, ಲ್ಯಾಪ್‌ಟಾಪಿಗೋ ಡೆಸ್ಕ್‌ಟಾಪಿಗೋ ಎಂದು ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಒಂದರ ಕಚ್ಚು ಇರುವ ಜಾಗ ಇನ್ನೊಂದರಂತಿಲ್ಲ. ತಪ್ಪಾದದ್ದು ಕಂಪ್ಯೂಟರಿನೊಳಗಿನ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಸ್ಕ್ರೂ ಬಿಚ್ಚದೆ ಮನೆಯಲ್ಲೇ ಉತ್ತರ ತಿಳಿಯಬಹುದು.

ಲಿನಕ್ಸ್ ಟರ್ಮಿನಲ್‌ನಲ್ಲಿ ‘ಸುಡೊ ಡಿಎಂಐಡಿಕೋಡ್ -ಟಿ ಮೆಮೊರಿ’ (sudo dmidecode -t memory) ಎಂಬ ಆದೇಶವನ್ನು ರೋಮನ್ ಲಿಪಿಯಲ್ಲಿ ಕೊಟ್ಟರೆ ಒಂದೊಂದು ಸ್ಲಾಟಿನ ವಿವರವೂ ಬೇರೆಬೇರೆಯಾಗಿ ಬರುತ್ತದೆ: ಗಾತ್ರ, ಡಿಡಿಆರ್ ಪೀಳಿಗೆ, ತಯಾರಕರು, ಪಾರ್ಟ್ ನಂಬರ್. ‘ಫಾರ್ಮ್ ಫ್ಯಾಕ್ಟರ್’ ಎದುರು ‘ಸೋಡಿಮ್’ ಎಂದಿದ್ದರೆ ಅದು ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮ್ ಅನ್ನು ಮದರ್‌ಬೋರ್ಡ್ ಎಂಬ ಮುಖ್ಯ ಫಲಕಕ್ಕೇ ಬೆಸೆದಿರುವ ಸಾಧ್ಯತೆ ಹೆಚ್ಚು. ಖಾಲಿ ಸ್ಲಾಟ್ ಬೇರೆ ಇಲ್ಲದಿದ್ದರೆ ರೈಲಿನ ಖರ್ಚು ಉಳಿಯಿತು.

ಈ ಮಾಹಿತಿಯ ಮೂಲ ರ‍್ಯಾಮ್ ಪಟ್ಟಿಯ ಮೇಲೆಯೇ ಇರುವ ಎಸ್‌ಪಿಡಿ ಎಂಬ ಪುಟ್ಟ ಚಿಪ್. ಡಿಡಿಆರ್4ರಲ್ಲಿ ಅದರ ಸಾಮರ್ಥ್ಯ ಬರೀ 512 ಬೈಟ್. ಯಂತ್ರ ಚಾಲೂ ಆದಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶವಾದ ಬಯಾಸ್ ಇದನ್ನು ಓದಿ ವೇಗವನ್ನು ಹೊಂದಿಸಿಕೊಳ್ಳುತ್ತದೆ. ಆಮೇಲೆ ತಾನು ಕಂಡದ್ದನ್ನು ಎಸ್‌ಎಂಬಯಾಸ್ ಎಂಬ ಕೋಷ್ಟಕದಲ್ಲಿ ಬರೆದಿಡುತ್ತದೆ. ಡಿಎಂಐಡಿಕೋಡ್ ಓದುವುದು ಈ ಕೋಷ್ಟಕವನ್ನು ಮಾತ್ರ, ರ‍್ಯಾಮನ್ನಲ್ಲ. ಹಾಗಾಗಿ ಬಯಾಸ್ ಬರೆದವರು ಉದಾಸೀನ ಮಾಡಿದ್ದರೆ ತಯಾರಕರ ಹೆಸರಿನ ಜಾಗದಲ್ಲಿ ‘ಅನ್‌ನೋನ್’ ಎಂದೋ ಅರ್ಥವಿಲ್ಲದ ಅಂಕಿಯೋ ಕಾಣುತ್ತದೆ. ಇದನ್ನು ಕಣ್ಣುಮುಚ್ಚಿ ನಂಬಬೇಡಿ ಎಂದು ಆ ತಂತ್ರಾಂಶದ ಕೈಪಿಡಿಯೇ ಎಚ್ಚರಿಸುತ್ತದೆ. ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಎಸ್‌ಪಿಡಿಯನ್ನೇ ನೇರವಾಗಿ ಓದಬೇಕೆಂದರೆ ‘ಐ2ಸಿ-ಟೂಲ್ಸ್’ ಜೊತೆ ಸಿಗುವ ‘ಡಿಕೋಡ್-ಡಿಮ್ಸ್’ ಇದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ವಿನ್32_ಫಿಸಿಕಲ್‌ಮೆಮೊರಿ’ಯನ್ನು ಕೇಳಿದರೂ ಬರುವುದು ಮುಖ್ಯವಾಗಿ ಅದೇ ಬಯಾಸ್ ಕೋಷ್ಟಕದ ಮಾತು.

ಜನ ಹೆಚ್ಚು ಗಾಬರಿಯಾಗುವುದು ವೇಗದ ಸಾಲು ನೋಡಿ. ‘ಸ್ಪೀಡ್’ 3200 ಎಂದಿರುತ್ತದೆ, ಕೆಲವು ಸಾಲು ಕೆಳಗೆ ‘ಕಾನ್ಫಿಗರ್ಡ್ ಮೆಮೊರಿ ಸ್ಪೀಡ್’ 2400 ಎಂದಿರುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಮೊದಲನೆಯದು ರ‍್ಯಾಮಿನ ಯೋಗ್ಯತೆ, ಎರಡನೆಯದು ಅದು ಈಗ ಓಡುತ್ತಿರುವ ವೇಗ. ಪ್ರೊಸೆಸರಿನ ಮಿತಿಯೋ ಪಕ್ಕದ ಸ್ಲಾಟಿನ ನಿಧಾನದ ಪಟ್ಟಿಯೋ ಅದನ್ನು ತಗ್ಗಿಸಿರುತ್ತದೆ. ಈ 3200 ಮೆಗಾಹರ್ಟ್ಸ್ ಕೂಡ ಅಲ್ಲ. ಗಡಿಯಾರ 1600 ಮೆಗಾಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಪ್ರತಿ ಮಿಡಿತಕ್ಕೂ ದತ್ತಾಂಶ ಎರಡು ಬಾರಿ ಸಾಗುತ್ತದೆ. ಒಂದು ಬಾರಿಗೆ 8 ಬೈಟ್‌ನಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ 25,600 ಮೆಗಾಬೈಟ್. ಸ್ಟಿಕ್ಕರ್ ಮೇಲೆ ಕಾಣುವ ‘ಪಿಸಿ4-25600’ ಎಂಬುದು ಇದೇ.

ಇನ್ನು ಅದೇ ಆದೇಶ ತೋರಿಸುವ ‘ಮ್ಯಾಕ್ಸಿಮಮ್ ಕೆಪಾಸಿಟಿ’ ಎಂಬ ಸಾಲನ್ನು ನೆಚ್ಚಿ ದುಡ್ಡು ಕೊಡಬೇಡಿ. ಅದು ಬಯಾಸ್ ಬರೆದವರು ತುಂಬಿಟ್ಟ ಅಂಕಿ. ಬೋರ್ಡ್ ಎಷ್ಟು ರ‍್ಯಾಮ್ ತಡೆದುಕೊಳ್ಳುತ್ತದೆ ಎಂಬುದನ್ನು ಮದರ್‌ಬೋರ್ಡಿನ ಕೈಪಿಡಿಯಲ್ಲೇ ನೋಡಬೇಕು.