ನಂದಿ ಬೆಟ್ಟ: ಕೋಟೆ ತೋಟವಾಯ್ತು, ತೋಟ ಜಾತ್ರೆಯಾಯ್ತು

ಭಾನುವಾರ ಬೆಳಗಿನ ಜಾವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಟ್ರಾಫಿಕ್ ಜಾಮ್ ನೋಡಬೇಕಾ? ನಂದಿ ಬೆಟ್ಟದ ಬುಡಕ್ಕೆ ಹೋಗಿ. ಇನ್ನೂ ಕತ್ತಲೆ, ಆಗಲೇ ಕಾರು, ಬೈಕುಗಳ ಸಾಲು. ಎಲ್ಲರಿಗೂ ಮೋಡದ ಮೇಲೆ ಹುಟ್ಟುವ ಸೂರ್ಯ ಬೇಕು. ತಮಾಷೆ ಏನು ಗೊತ್ತಾ? ಈ ಬೆಟ್ಟದ ಮೇಲೆ ಕಲ್ಲಿನ ಕೋಟೆ ಕಟ್ಟಿದ್ದೇ ಯಾರೂ ಹತ್ತದಿರಲಿ ಅಂತ.

1,478 ಮೀಟರ್ ಎತ್ತರ, ಸುತ್ತ ಕಡಿದಾದ ಬಂಡೆ. ಚಿಕ್ಕಬಳ್ಳಾಪುರದ ಪಾಳೇಗಾರರ ಕೋಟೆಯನ್ನು ಹೈದರ್ ಮತ್ತು ಟಿಪ್ಪು ಇನ್ನಷ್ಟು ಬಿಗಿ ಮಾಡಿದರು. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಮುತ್ತಿಗೆ ಹಾಕಿದಾಗ ಫಿರಂಗಿ ಏರಿಸಲು ದಾರಿಯೇ ಇರಲಿಲ್ಲ. ದಾರಿ ಕಡಿದು, ಫಿರಂಗಿ ಎಳೆದು, ಗೋಡೆ ಒಡೆಯಲು ಸುಮಾರು ಮೂರು ವಾರ ಹಿಡಿಯಿತು. ಅಕ್ಟೋಬರ್ 19ರ ನಸುಕಿಗೆ ಕೋಟೆ ಬಿತ್ತು. ಇವತ್ತು ಜನ ಮುಗಿಬೀಳುವ ಟಿಪ್ಪು ಡ್ರಾಪ್ ಅನ್ನುವ ಬಂಡೆಯಂಚಿಗೆ, ಅಲ್ಲಿಂದ ಕೈದಿಗಳನ್ನು ಕೆಳಗೆ ತಳ್ಳುತ್ತಿದ್ದರು ಅನ್ನುವ ಕತೆ ಅಂಟಿಕೊಂಡಿದೆ. ನನಗೆ ಆ ಕತೆಗಿಂತ ಮುತ್ತಿಗೆಯ ಕತೆಯೇ ರೋಚಕ.

ಟಿಪ್ಪುವಿಗೆ ಇದು ಬರೀ ಕೋಟೆಯಲ್ಲ, ಬೇಸಿಗೆಯ ಮನೆಯೂ ಹೌದು. ಅವನ ಪುಟ್ಟ ಅರಮನೆ ಇನ್ನೂ ನಿಂತಿದೆ. ಅದರ ತೋಟಕ್ಕೆ 1790ರ ಸುಮಾರಿಗೆ ಅವನು ನೀಲಗಿರಿ ಮರ ತರಿಸಿ ನೆಡಿಸಿದ, ಭಾರತಕ್ಕೆ ಆ ಮರ ಬಂದಿದ್ದೇ ಹಾಗೆ ಅಂತ ಅರಣ್ಯ ಇತಿಹಾಸ ಬರೆದವರು ಹೇಳುತ್ತಾರೆ. ಮುಂದೆ ಅದೇ ಮರ ಕೋಲಾರ, ಚಿಕ್ಕಬಳ್ಳಾಪುರದ ಹೊಲ, ಬೀಳುಗಳನ್ನೆಲ್ಲ ತುಂಬಿತು. ಬೋರ್‌ವೆಲ್ ಬತ್ತಿದಾಗ ಬೈಗುಳವೂ ಅದಕ್ಕೇ ಬಿತ್ತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಅರಸನ ತೋಟದ ಚಂದದ ಗಿಡ ಎಲ್ಲಿಗೆ ಬಂದು ನಿಂತಿತು ನೋಡಿ! ಪಾಲಾರ್, ಪೆನ್ನಾರ್, ಅರ್ಕಾವತಿ ಹುಟ್ಟುವ ಸೀಮೆ ಇದು. ಆದರೂ ನಮ್ಮ ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ಸಂಸ್ಕರಿಸಿದ ಕೊಳಚೆ ನೀರು ಬರಬೇಕು.

ಟಿಪ್ಪು ನಂತರ ಬಂದವರಿಗೂ ತಂಪೇ ಬೇಕಿತ್ತು. 1834ರಿಂದ 1861ರವರೆಗೆ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಬಂದರೆ ಇಲ್ಲಿಗೆ ಬರುತ್ತಿದ್ದರು, ಬಂಗಲೆಗಳೆದ್ದವು. 1927ರಲ್ಲಿ ರಕ್ತದೊತ್ತಡದಿಂದ ಬಳಲಿದ್ದ ಗಾಂಧೀಜಿಗೆ ವೈದ್ಯರು ವಿಶ್ರಾಂತಿ ಹೇಳಿದಾಗ ಅವರು ಬಂದಿದ್ದೂ ಇಲ್ಲಿಗೇ. ಒಂದು ತಿಂಗಳಿಗಿಂತ ಜಾಸ್ತಿ ಇದ್ದರು. 1936ರಲ್ಲಿ ಮತ್ತೆ ಬಂದರು. ಗಾಂಧಿ ನಿಲಯ ಅವರ ನೆನಪಿನದು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಶೃಂಗಸಭೆ ನಡೆದಾಗ ಆ ದೇಶಗಳ ನಾಯಕರನ್ನೂ ಬೆಟ್ಟಕ್ಕೆ ಕರೆತಂದರು. ಅಂದರೆ ಅರಸ, ಸಾಹೇಬ, ಮಹಾತ್ಮ, ಮಂತ್ರಿ: ಬರುವವರು ಕೆಲವರೇ. ರಸ್ತೆ, ಮನೆ, ನೀರು ಎಲ್ಲ ಆ ಲೆಕ್ಕಕ್ಕೇ ಇದ್ದವು.

ದಶಕಗಳ ಕಾಲ ತೋಟಗಾರಿಕೆ ಇಲಾಖೆ ಇದನ್ನು ಗಿರಿಧಾಮವಾಗಿ ನೋಡಿಕೊಂಡಿತು. ಹೂವಿನ ಮಡಿ, ದೊಡ್ಡ ಮರಗಳು, ಅಮೃತ ಸರೋವರದ ಮೆಟ್ಟಿಲು, ತುದಿಯಲ್ಲಿ ಯೋಗನಂದೀಶ್ವರನ ಗುಡಿ. ಮೆಣಸಿನಪುಡಿ ಉಪ್ಪು ಸವರಿದ ಸೀಬೆಕಾಯಿ ಕೈಗೆ ತಗೊಂಡರೆ ಹುಷಾರು. ಕೋತಿ ಹಿಂದಿನಿಂದ ಬರುತ್ತದೆ, ನೀವು ತಿರುಗುವಷ್ಟರಲ್ಲಿ ಸೀಬೆಕಾಯಿ ಗೋಡೆ ಮೇಲಿರುತ್ತದೆ. ಮರದ ಮೇಲೆ ಕಣ್ಣಿಟ್ಟರೆ ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳವೂ ಸಿಗಬಹುದು. ಘಟ್ಟದಿಂದ ಇಷ್ಟು ದೂರ ಅದು ಉಳಿದಿರುವುದು ಈ ತಂಪು ಕಾಡಿನಿಂದ.

2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು, ಹೆದ್ದಾರಿ ಅಗಲವಾಯಿತು. ಬೆಂಗಳೂರಿನಿಂದ ಬೆಟ್ಟ ಬೈಕಿನಲ್ಲಿ ಬಂದು ತಿಂಡಿ ಹೊತ್ತಿಗೆ ವಾಪಸ್ ಹೋಗುವಷ್ಟು ಹತ್ತಿರವಾಯಿತು. ಆದರೆ ತುದಿಯ ಜಾಗ ಮೊದಲಿನಷ್ಟೇ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಜರಿದು ರಸ್ತೆ ಕೊಚ್ಚಿಹೋದಾಗ ಬೆಟ್ಟವನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಹತ್ತಲು ಇನ್ನೊಂದು ವಾಹನ ದಾರಿ ಇರಲಿಲ್ಲ.

2023ರಲ್ಲಿ ರೋಪ್‌ವೇಗೆ ಶಂಕುಸ್ಥಾಪನೆ ಆಯಿತು. ರಸ್ತೆಯ ಹೊರೆ ಇಳಿಯುತ್ತದೆ ಅನ್ನುವುದು ಅದರ ಪರ ವಾದ. ಸರಿಯೇ. ಆದರೆ ಮೇಲೆ ಹೋದವರು ನಿಲ್ಲಬೇಕಾದದ್ದು ಅದೇ ಟಿಪ್ಪು ಡ್ರಾಪ್‌ನ ಬಂಡೆ ಮೇಲೆ, ಅದೇ ಯೋಗನಂದೀಶ್ವರನ ಅಂಗಳದಲ್ಲಿ. ಕಾರುಗಳನ್ನು ಎಣಿಸಿದರೆ ಸಾಲದು, ಒಂದು ಬೆಳಗ್ಗೆಗೆ ಎಷ್ಟು ಜನ ಅಂತಲೂ ಮೊದಲೇ ಲೆಕ್ಕ ಹಾಕಬೇಕು. ಅಲ್ಲಿಯವರೆಗೆ ನನ್ನ ಸಲಹೆ: ವಾರದ ನಡುವೆ ಮಧ್ಯಾಹ್ನ ಹೋಗಿ, ಇಳಿಯುವಾಗ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಗುಡಿಯನ್ನೂ ನೋಡಿ. ಒಂಬತ್ತನೇ ಶತಮಾನದಿಂದ ಇರುವ ಆ ಗುಡಿಯ ಕಲ್ಯಾಣಿಯ ಹತ್ತಿರ ಆಗ ಜನ ಕಮ್ಮಿ.